ಹತ್ತನೇ ಕ್ಲಾಸಿನ ಲೆಕ್ಕ ಏಳನೇ ಕ್ಲಾಸಿನಲ್ಲಿ ತಪ್ಪಿತ್ತು

ಮಗನ ಹತ್ತನೇ ಕ್ಲಾಸಿನ ಫಲಿತಾಂಶ ಬಂದ ದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಿತ್ತಲ ಬಾಗಿಲು ತೆಗೆದು ಕೊಟ್ಟಿಗೆಗೆ ಹೋದೆ. ತೆಂಗಿನ ಮರದ ಬೇರಿಗೆ ಕಟ್ಟುವ ಕೀಟನಾಶಕ ಔಷಧಿಯ ಎರಡು ಡಬ್ಬ ಅಲ್ಲಿ ಗೋಡೆಯ ಗೂಡಿನಲ್ಲಿ ಇರುತ್ತವೆ. ನೋಡಿದರೆ ಒಂದೇ ಇತ್ತು. ಮೊಬೈಲ್ ಬೆಳಕಲ್ಲಿ ಗೊಬ್ಬರದ ಚೀಲಗಳ ಸಂದಿ, ಹುಲ್ಲಿನ ಅಟ್ಟಣೆ, ಎಲ್ಲ ತಡಕಾಡಿದೆ. ಓಡಿ ಬಂದು ನಡುಮನೆಯಲ್ಲಿ ಬಗ್ಗಿ ನೋಡಿದೆ. ಮಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಹೊದಿಕೆ ಏರಿಳಿಯುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದೆ. ಆಮೇಲೆ ಮನೆಯವರನ್ನು ಎಬ್ಬಿಸಲು ಹೋದರೆ ಅವರೂ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. "ಇನ್ನೊಂದು ಡಬ್ಬ ಎಲ್ಲಿ?" ಅಂದೆ. "ಟ್ರ್ಯಾಕ್ಟರ್ ಟೂಲ್ ಬಾಕ್ಸಲ್ಲಿ ಇಟ್ಟು ಬೀಗ ಹಾಕಿದೀನಿ. ಎರಡೂ ಹಿಡಿಸಲಿಲ್ಲ" ಅಂದರು.

ಉಳಿದ ಡಬ್ಬವನ್ನು ನಾನು ಸೀರೆ ಪೆಟ್ಟಿಗೆಯಲ್ಲಿ ತಳಕ್ಕೆ ಇಟ್ಟು ಬೀಗ ಹಾಕಿದೆ. ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದು 2024ರ ಮೇ 9, ಗುರುವಾರ. ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ನಾನು ಊರಿನ ಸೊಸೈಟಿಯಲ್ಲಿ, ಅಂದರೆ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ, ಲೆಕ್ಕ ಬರೆಯುವವಳು. ಮನೆಯವರದು ತೋಟ, ಒಂದು ಹಳೇ ಟ್ರ್ಯಾಕ್ಟರು. ದೊಡ್ಡವನಿಗೆ ಆಗ ಹದಿನಾರು. ಚಿಕ್ಕವಳು ಆರನೇ ಕ್ಲಾಸು ಮುಗಿಸಿ ರಜೆಯಲ್ಲಿದ್ದಳು. ಜೊತೆಗೆ ನಮ್ಮತ್ತೆ.

ಬೆಳಿಗ್ಗೆ ಹತ್ತೂವರೆಗೆ ಫಲಿತಾಂಶ ಅಂದಿದ್ದರು. ಸೊಸೈಟಿ ಕಂಪ್ಯೂಟರಿನಲ್ಲೇ ಅವನ ರಿಜಿಸ್ಟರ್ ನಂಬರ್ ಹಾಕಿ ಕೂತೆ. ಸಾಲ ರಿನ್ಯೂವಲ್ಲಿಗೆ ಪಹಣಿ ಹಿಡಿದು ಬಂದಿದ್ದ ಇಬ್ಬರು ರೈತರು ಕೌಂಟರಿನ ಆಚೆ ನಿಂತಿದ್ದರು. ಸೈಟು ಸುತ್ತೀ ಸುತ್ತೀ ಕಡೆಗೆ ತೆರೆದುಕೊಂಡಿತು. ಕನ್ನಡದಲ್ಲಿ 125ಕ್ಕೆ 98. ಸಮಾಜದಲ್ಲಿ 64. ವಿಜ್ಞಾನದಲ್ಲಿ ಹೇಗೋ ದಾಟಿದ್ದ. ಗಣಿತದ ಮುಂದೆ ಆಂತರಿಕ 17, ಲಿಖಿತ 11. ಎಂಬತ್ತಕ್ಕೆ ಹನ್ನೊಂದು. "ಅಕ್ಕೋರೆ, ಪಾಸಾ?" ಅಂದರು ರೈತರಲ್ಲಿ ಒಬ್ಬರು. "ಪಹಣಿ ಕೊಡಿ" ಅಂದೆ.

ಆ ವರ್ಷ ಪರೀಕ್ಷಾ ಕೊಠಡಿಗಳಿಗೆಲ್ಲ ಕ್ಯಾಮೆರಾ ಹಾಕಿ, ಆಫೀಸಿನಲ್ಲಿ ಕೂತು ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಮಾಡಿದ್ದರು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಬಿದ್ದಿತ್ತು, ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ನಮ್ಮ ಹನ್ನೊಂದು ಯಾವ ಗ್ರೇಸಿಗೂ ಎಟುಕುವಂಥದ್ದಲ್ಲ.

ಮಾರನೇ ದಿನ ಬಸವ ಜಯಂತಿ. ಮನೆ ಎತ್ತು ಮಾರಿ ಎಷ್ಟೋ ವರ್ಷ ಆಯಿತು, ಟ್ರ್ಯಾಕ್ಟರಿಗೇ ಹೂವು ಕಟ್ಟಿ ಪೂಜೆ. ಒಬ್ಬಟ್ಟಿಗೆ ನೆಂಟರು ಬರುವವರಿದ್ದರು, ಬೇಡ ಅನ್ನುವ ಹಾಗಿಲ್ಲ. ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ಕೇಳಿದ್ದು ಒಂದೇ ಮಾತು. ಮನೆಯವರ ಚಿಕ್ಕಪ್ಪ, "ಹೋಗ್ಲಿ ಬಿಡ್ರಪ್ಪ, ಈಗೇನು ಮೂರು ಸಲ ಪರೀಕ್ಷೆ ಮಾಡ್ತಾರಂತೆ, ಬಸ್ಸು ಇದ್ದಂಗೆ, ಒಂದು ಹೋದ್ರೆ ಇನ್ನೊಂದು" ಅಂದರು. ಅವರು ಸಮಾಧಾನಕ್ಕೇ ಹೇಳಿದ್ದು. ಅವರ ಮೊಮ್ಮಗಳಿಗೆ 590 ಬಂದಿತ್ತು, ಅದನ್ನು ಅವರು ಮೂರು ಸಲ ಹೇಳಿದರು. ನಮ್ಮವನು ಎಲ್ಲರಿಗೂ ಎಲೆ ಹಾಕಿದ, ನೀರು ಬಡಿಸಿದ, ಆಮೇಲೆ ಏಣಿ ಹತ್ತಿ ಅಟ್ಟ ಸೇರಿದ.

ನಮ್ಮ ಕಡೆ ಅಟ್ಟ ಅಂದರೆ ಕೊಬ್ಬರಿ ಅಟ್ಟ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಮೇಲೆ ಹಾಕಿ ಹನ್ನೊಂದು ತಿಂಗಳೋ ವರ್ಷವೋ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು, ಆಗ ಇಳಿಸುವುದು. ಅವನು ಚಿಕ್ಕಂದಿನಿಂದಲೂ ಬೈಸಿಕೊಂಡಾಗ ಹತ್ತುತ್ತಿದ್ದದ್ದು ಅಲ್ಲಿಗೇ. ಕೆಳಗೆ ಒಬ್ಬಟ್ಟು ತಟ್ಟುತ್ತಿದ್ದ ನನಗೆ ಮೇಲೆ ಅವನು ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿ ನೋಡುತ್ತಿದ್ದದ್ದು ಕೇಳುತ್ತಿತ್ತು. ಆ ಸದ್ದು ನಿಂತರೆ ನನ್ನ ಕೈಯೂ ನಿಲ್ಲುತ್ತಿತ್ತು.

ಮೊದಲ ವಾರ ನಾವು ಮಾಡಿದ್ದೆಲ್ಲ ಎಲ್ಲರ ಮನೆಯಲ್ಲೂ ಮಾಡುವಂಥದ್ದೇ. ಫೋನ್ ಕಿತ್ತು ಬೀರುವಿಗೆ ಹಾಕಿದೆವು. ಗೆಳೆಯರ ಮನೆಗೆ ಹೋಗುವುದು ಬಂದ್. "ಹತ್ತನೇ ಕ್ಲಾಸಿನ ವರ್ಷ ಪೂರ್ತಿ ಆ ಹಾಳು ಗೇಮು" ಅಂತ ಅವರಂದರೆ, "ನೀವೇ ಅವನನ್ನ ಬೋರಿನ ಹತ್ರ ಕರ್ಕೊಂಡು ಹೋಗಿದ್ದು" ಅಂತ ನಾನು. ಅದೂ ಸುಳ್ಳಲ್ಲ. 2023ರ ಬರದಲ್ಲಿ ಮಳೆಗಾಲ ಹುಸಿಯಾಗಿ ತೋಟದಲ್ಲಿ ಗರಿ ಜೋತುಬಿದ್ದಿದ್ದವು. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಮೋಟ್ರು ಹಾಕಲು ಎದ್ದು ಹೋಗುತ್ತಿದ್ದವನು ಇವನೇ. ಸ್ಟಾರ್ಟರ್ ಕೈಕೊಟ್ಟರೆ ಬಿಚ್ಚಿ ಕಾಂಟ್ಯಾಕ್ಟ್ ಉಜ್ಜಿ ಮತ್ತೆ ಓಡಿಸುತ್ತಿದ್ದವನೂ ಇವನೇ. ಅದನ್ನು ಮಾಡುವ ಹುಡುಗ ದಡ್ಡ ಹೇಗಾದಾನು ಅನ್ನುವುದು ನನ್ನ ತಲೆ ಕೊರೆಯುತ್ತಿತ್ತು. ದಡ್ಡನಲ್ಲ ಅಂದ ಮೇಲೆ ಸೋಮಾರಿ ಅಂತಲೇ ಅರ್ಥ ಅಂದುಕೊಂಡಿದ್ದೆ.

ಅವನು ಊಟಕ್ಕೆ ಬಂದು ಕೂರುತ್ತಿದ್ದ, ತಿನ್ನುತ್ತಿದ್ದ, ಏಳುತ್ತಿದ್ದ. ಮಾತಿಲ್ಲ. ಪೇಪರಿನಲ್ಲಿ ಫೇಲಾದ ಮಕ್ಕಳ ಸುದ್ದಿ ಬಂದ ಪುಟವನ್ನು ನಾನು ಮಡಿಸಿ ಒಲೆಗೆ ಹಾಕುತ್ತಿದ್ದೆ. ನಮ್ಮೂರಿನ ಆಶಾ ಕಾರ್ಯಕರ್ತೆ ನನಗೆ ಅಕ್ಕನ ಸಮಾನ. ಸೊಸೈಟಿಗೆ ಬಂದವಳು ನನ್ನ ಮುಖ ನೋಡಿ, "14416ಗೆ ಫೋನ್ ಮಾಡು, ಟೆಲಿ ಮಾನಸ್ ಅಂತ. ದುಡ್ಡಿಲ್ಲ, ಯಾವ ಹೊತ್ತಲ್ಲಾದರೂ ಎತ್ತುತ್ತಾರೆ" ಅಂದಳು. ಮಧ್ಯಾಹ್ನ ಗೋಡೌನ್ ಹಿಂದೆ ನಿಂತು ಮಾಡಿದೆ. ಎತ್ತಿದ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿದಳು. ನಾನು ಸುತ್ತಿ ಬಳಸಿ ಹೇಳಿದ್ದನ್ನೆಲ್ಲ ಕೇಳಿ, "ಅವನನ್ನೇ ಕೇಳಿದ್ದೀರಾ?" ಅಂದಳು. "ಕೇಳಿದರೆ ಇಲ್ಲದ ಯೋಚನೆ ನಾವೇ ತುಂಬಿದ ಹಾಗೆ ಆಗಲ್ವಾ?" ಅಂದೆ. ಕೇಳುವುದರಿಂದ ಯೋಚನೆ ಬರುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ, ನೇರವಾಗಿ ಕೇಳಿ, ಕೇಳಿದ ಮೇಲೆ ಬೈಯಬೇಡಿ, ಬುದ್ಧಿ ಹೇಳಬೇಡಿ, ಇದ್ದೀನಿ ಅನ್ನಿ ಸಾಕು ಅಂದಳು.

ಆ ಸಂಜೆ ಏಣಿ ಹತ್ತಿದೆ. ಮದುವೆಯಾಗಿ ಬಂದ ಮೇಲೆ ಅಟ್ಟಕ್ಕೆ ನಾನು ಹತ್ತಿದ್ದು ಎಣಿಸಿದಷ್ಟು ಸಲ. ಕಾಯಿ ರಾಶಿಯ ಮೇಲೆ ಜಾಗ ಮಾಡಿಕೊಂಡು ಕೂತು, ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, "ಸಾಯೋ ಯೋಚನೆ ಏನಾದ್ರೂ ಬಂದಿದೆಯೇನೋ ನಿಂಗೆ?" ಅಂದುಬಿಟ್ಟೆ.

ಅವನು ಕಾಯಿಯ ನಾರು ಕೀಳುತ್ತಾ ಕೂತಿದ್ದ. ತುಂಬಾ ಹೊತ್ತಾದ ಮೇಲೆ, "ಮೊದಲನೇ ದಿನ ಬಂದಿತ್ತು. ಎಲ್ಲಾದ್ರೂ ಹೋಗ್ಬಿಡೋಣ ಅಂತ. ಈಗ ಇಲ್ಲ" ಅಂದ. ಆಮೇಲೆ ತಲೆ ಎತ್ತದೆಯೇ, "ಹಬ್ಬದ ದಿನ ನಿನ್ನ ಸೀರೆ ಔಷಧಿ ವಾಸನೆ ಹೊಡೀತಿತ್ತು ಕಣಮ್ಮ" ಅಂದ.

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎರಡೂ ಮಾಡಿದೆ ಅನ್ನಿಸುತ್ತೆ. ಇಳಿಯುವಾಗ ಏಣಿ ಹಿಡಿದುಕೊಂಡವನು ಅವನೇ.

ಜೂನ್‌ನಲ್ಲಿ ಪರೀಕ್ಷೆ-2 ಇತ್ತು. ಪೂರಕ ಪರೀಕ್ಷೆ ಅನ್ನುವ ಹೆಸರನ್ನು ಆ ವರ್ಷದಿಂದ ತೆಗೆದು ಪರೀಕ್ಷೆ-1, 2, 3 ಅಂತ ಮಾಡಿದ್ದರು. ಅವನಿಗೆ ಗಣಿತ ಒಂದೇ ಬರೆಯಬೇಕಿತ್ತು. ಪಟ್ಟಣದಲ್ಲಿ ಒಂದು ಟ್ಯೂಷನ್ನಿಗೆ ಕಳಿಸಿದೆವು. ಇಪ್ಪತ್ತು ದಿನದ ಕ್ರ್ಯಾಶ್ ಕೋರ್ಸು, ಫೀಸು ಮೊದಲೇ ಕಟ್ಟಬೇಕು. ನಾಲ್ಕನೇ ದಿನಕ್ಕೆ, "ಅವರು ಮಾದರಿ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಿಸ್ತಾರೆ, ನಂಗೆ ಬರಲ್ಲ" ಅಂತ ವಾಪಸ್ ಬಂದ. ಫೀಸು ಬರಲಿಲ್ಲ. ಅದರ ಬಗ್ಗೆ ಇನ್ನು ಮಾತಾಡುವುದಿಲ್ಲ.

ಅಷ್ಟು ಹೊತ್ತಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದ ಉತ್ತರ ಪತ್ರಿಕೆಯ ನಕಲು ಬಂತು. ಮರುಮೌಲ್ಯಮಾಪನಕ್ಕೆ ಹಾಕಿ ಅಂತ ಯಾರೋ ಹೇಳಿದ್ದರು, ಅದಕ್ಕೆ ತರಿಸಿದ್ದು. ಹನ್ನೊಂದನ್ನು ಯಾರು ಎಷ್ಟು ತಿದ್ದಿದರೂ ಪಾಸಿಗೆ ಬೇಕಾದ ಇಪ್ಪತ್ತೆಂಟಾಗುವುದಿಲ್ಲ ಅಂತ ಒಂದು ಪುಟ ನೋಡಿದ ಕೂಡಲೇ ಗೊತ್ತಾಯಿತು. ಆದರೆ ಎರಡನೇ ಪುಟದಲ್ಲಿ ನನ್ನ ಕಣ್ಣು ನಿಂತಿತು.

ಲೆಕ್ಕ ಬರೆಯುವವರ ಚಾಳಿ ಒಂದಿದೆ. ದಿನದ ಕೊನೆಗೆ ಜಮಾ-ಖರ್ಚು ತಾಳೆ ಬೀಳದಿದ್ದರೆ ನಾವು ಮೊತ್ತವನ್ನೇ ಮತ್ತೆ ಮತ್ತೆ ಕೂಡುತ್ತಾ ಕೂರುವುದಿಲ್ಲ. ವ್ಯತ್ಯಾಸ ಎಷ್ಟು ಅಂತ ಮೊದಲು ನೋಡುತ್ತೇವೆ. ಅದು ಒಂಬತ್ತರಿಂದ ಭಾಗವಾದರೆ ಯಾರೋ 54 ಬರೆಯುವ ಕಡೆ 45 ಬರೆದಿದ್ದಾರೆ ಅಂತ ಅನುಮಾನ. ಸರಿಯಾಗಿ ಎರಡು ಪಾಲಾದರೆ ಜಮೆಗೆ ಹೋಗಬೇಕಾದ್ದು ಖರ್ಚಿಗೆ ಹೋಗಿದೆಯಾ ಅಂತ ಹುಡುಕುತ್ತೇವೆ. ತಪ್ಪಿಗೂ ಒಂದು ಜಾಡು ಇರುತ್ತೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳು ನನ್ನ ಮಗನ ಉತ್ತರ ಪತ್ರಿಕೆಯನ್ನು ಹಾಗೆ ಒಂದು ಸಲವೂ ನೋಡಿರಲಿಲ್ಲ. ಶಾಲೆಯ ಕಿರುಪರೀಕ್ಷೆಗಳ ಕಾಗದ ಬಂದಾಗಲೆಲ್ಲ ಮೂಲೆಯ ಅಂಕ ನೋಡಿ ಸಹಿ ಹಾಕಿದ್ದೆ, ಅಷ್ಟೇ.

ಒಂದು ಸಮಾಂತರ ಶ್ರೇಢಿ: 10, 7, 4... ಇಪ್ಪತ್ತನೇ ಪದ ಎಷ್ಟು? ಸೂತ್ರ ಸರಿ ಬರೆದಿದ್ದ. ಅದಕ್ಕೆ ಒಂದು ಅಂಕ ಕೊಟ್ಟಿದ್ದರು. ಸಾಮಾನ್ಯ ವ್ಯತ್ಯಾಸ ಮೈನಸ್ 3 ಆಗಬೇಕು, ಇವನು 3 ಅಂತ ಬರೆದು, 19 ಮೂರಲಿ 57, ಅದಕ್ಕೆ 10 ಸೇರಿಸಿ 67 ಅಂತ ನೀಟಾಗಿ ಡಬ್ಬಿ ಹೊಡೆದು ಮುಗಿಸಿದ್ದ. ಬರಬೇಕಾದ್ದು ಮೈನಸ್ 47. ಮುಂದಿನದು ಸಮೀಕರಣಗಳ ಜೋಡಿ. ಎರಡು ಎಕ್ಸ್ ಕೂಡಿಸು ಮೂರು ವೈ ಹದಿಮೂರು, ಎರಡು ಎಕ್ಸ್ ಕಳೆ ವೈ ಒಂದು. ಮೇಲಿನದರಿಂದ ಕೆಳಗಿನದನ್ನು ಕಳೆದರೆ ನಾಲ್ಕು ವೈ ಬರಬೇಕು. ಇವನು ಎರಡು ವೈ ಬರೆದಿದ್ದ. ಅಲ್ಲಿಂದ ವೈ ಬೆಲೆ 6, ಅದನ್ನು ಮೊದಲ ಸಮೀಕರಣಕ್ಕೆ ಹಾಕಿ, 13ರಲ್ಲಿ 18 ಕಳೆದು 5 ಅಂತ ಬರೆದು ಮುಂದೆ ಹೋಗಿದ್ದ. ಎಲ್ಲಾ ಪುಟದಲ್ಲೂ ಇದೇ. ವಿಧಾನ ಗೊತ್ತು, ಮೈನಸ್ ಬಂದಲ್ಲಿ ಕಾಲು ಜಾರುತ್ತೆ. ಮೈನಸ್ಸನ್ನು ಅವನು ಕಂಡಲ್ಲಿ ಅಳಿಸುತ್ತಿದ್ದ, ಇಲ್ಲವೇ ಬೇಕೆಂದಲ್ಲಿ ಹಾಕುತ್ತಿದ್ದ.

"ಹತ್ತು, ಏಳು, ನಾಲ್ಕು ಅಂತ ಇಳೀತಾ ಹೋಗ್ತಿದೆ. ಇಪ್ಪತ್ತನೇದು ಅರವತ್ತೇಳು ಹೆಂಗಾಗುತ್ತೋ?" ಅಂದೆ.

ಅವನು ಕಾಗದ ನೋಡಿದ. "ಹೌದಲ್ವಾ" ಅಂದ. ನಿಜವಾಗಿಯೂ ಆಶ್ಚರ್ಯವಾಗಿತ್ತು ಅವನಿಗೆ.

"ಮೈನಸ್ ಮೂರಕ್ಕೆ ಮೈನಸ್ ಐದು ಕೂಡಿಸಿದರೆ?"

"ಎರಡು. ಅಲ್ಲ, ಎಂಟು. ಮೈನಸ್ ಎರಡಾ?" ಅಂದ. ಆಮೇಲೆ, "ಇದನ್ನ ನಂಗೆ ಯಾರೂ ಹೇಳಿಕೊಟ್ಟೇ ಇಲ್ಲಮ್ಮ. ಎಲ್ಲರೂ ಬರುತ್ತೆ ಅಂದುಕೊಂಡೇ ಮುಂದೆ ಹೋಗ್ತಾರೆ" ಅಂದ.

ಪೂರ್ಣಾಂಕ ಅನ್ನುವ ಪಾಠ ಆರನೇ ಕ್ಲಾಸಿನಲ್ಲಿ ಶುರುವಾಗಿ ಏಳನೇ ಕ್ಲಾಸಿನಲ್ಲಿ ಗಟ್ಟಿಯಾಗುತ್ತದೆ. ಬೆರಳು ಎಣಿಸಿದೆ. ಇವನು ಏಳನೇ ಕ್ಲಾಸಿನಲ್ಲಿದ್ದದ್ದು 2020-21ರಲ್ಲಿ. ಕೊರೊನಾ ಅಂತ ಶಾಲೆ ಮುಚ್ಚಿದ್ದ ವರ್ಷ. ಮನೆಯಲ್ಲಿದ್ದದ್ದು ಒಂದೇ ಸ್ಮಾರ್ಟ್‌ಫೋನು, ಅದು ಅವರಪ್ಪನ ಜೇಬಿನಲ್ಲಿ ತೋಟದಲ್ಲಿ. ನೆಟ್‌ವರ್ಕ್ ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ. ಮಧ್ಯೆ ಮೇಷ್ಟ್ರುಗಳು ಊರಿಗೇ ಬಂದು ಅರಳಿಕಟ್ಟೆಯ ಮೇಲೆ ವಿದ್ಯಾಗಮ ಅಂತ ಪಾಠ ಮಾಡಿದರು, ಅಕ್ಟೋಬರಿನಲ್ಲಿ ಅದೂ ನಿಂತಿತು. ವರ್ಷದ ಕೊನೆಗೆ ಎಲ್ಲರೂ ಪಾಸು. ಆ ವರ್ಷ ಅವನು ಡ್ರಿಪ್ ಪೈಪು ಜೋಡಿಸುವುದು, ಮೋಟ್ರು ವೈಂಡಿಂಗ್ ಸುಟ್ಟಿದ್ದು ಮೂಸಿ ಹೇಳುವುದು, ಟ್ರ್ಯಾಕ್ಟರ್ ಹಿಮ್ಮುಖವಾಗಿ ಟ್ರೈಲರ್ ಸಮೇತ ನಿಲ್ಲಿಸುವುದು ಕಲಿತ. ನಾವು ಹೆಮ್ಮೆಯಿಂದ ಎಲ್ಲರ ಹತ್ತಿರ ಹೇಳಿಕೊಂಡೆವು.

ಹತ್ತನೇ ಕ್ಲಾಸಿನ ಫೋನನ್ನು ಬೈಯುತ್ತಾ ಕೂತಿದ್ದ ನಮಗೆ ತಪ್ಪು ಮೂರು ವರ್ಷದ ಹಿಂದಿನ ಪುಟದಲ್ಲಿ ಸಿಕ್ಕಿತು. ಸಿಕ್ಕಿದ್ದೇನೋ ಸರಿ. ಹದಿನಾರು ವರ್ಷದ, ಮೀಸೆ ಚಿಗುರಿದ ಹುಡುಗನನ್ನು ಆರನೇ ಕ್ಲಾಸಿನ ಪುಸ್ತಕದ ಮುಂದೆ ಕೂರಿಸುವುದು ಬೇರೆ ಮಾತು.

ಆ ಪುಸ್ತಕ ಮನೆಯಲ್ಲೇ ಇತ್ತು, ಚಿಕ್ಕವಳದು. ಕೇಳಿದ್ದೇ ತಡ ಅವಳು ಬೈಂಡಿನ ಮೇಲಿನ ಧೂಳು ಒರೆಸಿ ತಂದು, "ನಾನೇ ಹೇಳಿಕೊಡ್ತೀನಿ. ಆದ್ರೆ ನನ್ನ ಮಿಸ್ ಅನ್ನಬೇಕು" ಅಂತ ಕೂತಳು. ಕೈಯಲ್ಲಿ ತೆಂಗಿನಗರಿ ಪೊರಕೆಯ ಒಂದು ಕಡ್ಡಿ. ಮೊದಲ ದಿನ ಅವನು ನಕ್ಕ. ಎರಡನೇ ದಿನ ಅವಳ ಗೆಳತಿ ಒಬ್ಬಳು ಬಂದಿದ್ದಳು. ಅವಳ ಮುಂದೆ ಇವಳು, "ನಮ್ಮಣ್ಣಂಗೆ ಸಂಖ್ಯಾರೇಖೆನೂ ಬರಲ್ಲ" ಅಂದಳು. ಇವನು ಪುಸ್ತಕವನ್ನು ಅಂಗಳಕ್ಕೆ ಬೀಸಿ ಎಸೆದ. ಅದು ಹೋಗಿ ಬಿದ್ದದ್ದು ಕಲಗಚ್ಚಿನ ಬಾನಿಗೆ.

ನಾನು ಒಳಗಿಂದ ಬಂದವಳೇ ಹೊಡೆದೆ. ಅವನು ನನಗಿಂತ ಗೇಣುದ್ದ ಎತ್ತರ ಬೆಳೆದಿದ್ದಾನೆ, ಕೈ ಮೇಲೆತ್ತಿ ಹೊಡೆಯಬೇಕಾಯಿತು. ಏಟು ಕೆನ್ನೆಗೆ ಬೀಳದೆ ಭುಜದ ಮೂಳೆಗೆ ಬಿತ್ತು, ನನ್ನ ಗಾಜಿನ ಬಳೆ ಎರಡು ಒಡೆದವು. ಅತ್ತೆ ಜಗುಲಿಯಿಂದ, "ಶುಕ್ರವಾರ ಬಳೆ ಒಡ್ಕೊಂತಾರೇನೆ!" ಅಂತ ಕೂಗಿದರು. ಮೊಮ್ಮಗನಿಗೆ ಬಿದ್ದ ಏಟು ಅವರ ಲೆಕ್ಕಕ್ಕೆ ಬರಲಿಲ್ಲ. ಅವನು ಏನೂ ಹೇಳದೆ ಕೂತು ಬಳೆ ಚೂರುಗಳನ್ನು ಒಂದೊಂದೇ ಆಯ್ದ. ತಂಗಿ ಬರಿಗಾಲಲ್ಲಿ ಓಡಾಡುತ್ತಾಳೆ ಅಂತ. ಟೆಲಿ ಮಾನಸ್‌ನ ಆ ಹೆಣ್ಣುಮಗಳು ಬೈಯಬೇಡಿ ಅಂದಿದ್ದಳು, ಹೊಡೆಯಬೇಡಿ ಅಂತ ಬಿಡಿಸಿ ಹೇಳುವುದು ಬೇಕಾಗಿರಲಿಲ್ಲ. ರಾತ್ರಿ ಪುಸ್ತಕವನ್ನು ಒಲೆಯ ಪಕ್ಕ ಹರವಿ ಪುಟ ಪುಟವೂ ಒಣಗಿಸಿದೆ. ಇಂದಿಗೂ ಅದು ಉಬ್ಬಿಕೊಂಡು ಹಪ್ಪಳದ ಹಾಗಿದೆ.

ಮಾರನೇ ದಿನ ಅವಳನ್ನು ಮೇಷ್ಟ್ರ ಕೆಲಸದಿಂದ ಬಿಡಿಸಿ ನಾನು ಕೂತೆ. ಪುಸ್ತಕದಲ್ಲಿ ಸಂಖ್ಯಾರೇಖೆ, ಎಡಕ್ಕೆ ಹೆಜ್ಜೆ, ಬಲಕ್ಕೆ ಹೆಜ್ಜೆ. ಅದು ಅವನಿಗೆ ಹತ್ತಲಿಲ್ಲ. ನನಗೆ ಬರುವುದು ಒಂದೇ ಭಾಷೆ, ಅದು ಖಾತೆಯದು.

"ಮೈನಸ್ ಅಂದ್ರೆ ಸಾಲ ಅಂದ್ಕೋ. ಕೈಯಲ್ಲಿರೋ ದುಡ್ಡು ಪ್ಲಸ್ಸು. ಮೂರು ಸಾವಿರ ಸಾಲ ಇತ್ತು, ಮತ್ತೆ ಐದು ಸಾವಿರ ಸಾಲ ಮಾಡಿದೆ. ಈಗ?"

"ಎಂಟು ಸಾವಿರ ಸಾಲ."

"ಮೈನಸ್ ಎಂಟು. ಹದಿಮೂರು ಇದೆ, ಹದಿನೆಂಟು ಕೊಡಬೇಕು. ಈಗ?"

"ಐದು ಸಾಲ. ಮೈನಸ್ ಐದು." ಅವನು ಉತ್ತರ ಪತ್ರಿಕೆಯ ಆ ಸಾಲನ್ನು ಹುಡುಕಿ ನೋಡಿದ.

"ಸರಿ. ಐದು ಸಾವಿರ ಸಾಲ ಇದೆ. ಅದರಲ್ಲಿ ಮೂರು ಸಾವಿರ ಸಾಲ ಕಳೆ. ಸಾಲವನ್ನೇ ಕಳೀಬೇಕು. ಅಂದ್ರೆ ಏನು?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಮನ್ನಾ" ಅಂದ.

ಅದು ನನಗೆ ಹೊಳೆದಿರಲಿಲ್ಲ. ಸೊಸೈಟಿಯವರ ಮನೆ ಮಗ, 2017ರಲ್ಲಿ ಐವತ್ತು ಸಾವಿರದ ಮನ್ನಾ, 2018ರಲ್ಲಿ ಒಂದು ಲಕ್ಷದ ಮನ್ನಾ, ಆ ಪಟ್ಟಿಗಳನ್ನು ನಾನು ರಾತ್ರಿಯೆಲ್ಲ ಮನೆಯಲ್ಲಿ ಕೂತು ಬರೆದದ್ದು ಅವನಿಗೆ ಗೊತ್ತು. ನಾನು ಹೆಸರು ಓದುತ್ತಿದ್ದೆ, ಒಂಬತ್ತು ಹತ್ತು ವರ್ಷದ ಇವನು ಟಿಕ್ ಹಾಕುತ್ತಿದ್ದ. ಆವತ್ತಿನಿಂದ ನಮ್ಮ ಮನೆಯಲ್ಲಿ ಮೈನಸ್ಸಿನ ಮೈನಸ್ಸಿಗೆ ಮನ್ನಾ ಅಂತಲೇ ಹೆಸರು. ಮೈನಸ್ ಮೂರು ಇಂಟು ಮೈನಸ್ ನಾಲ್ಕು ಅಂದರೆ ಮೂರು ಮೂರು ಸಾವಿರದ ನಾಲ್ಕು ಸಾಲ ಮನ್ನಾ, ಕೈಗೆ ಹನ್ನೆರಡು ಉಳಿಯಿತು. ಆವರಣ ಚಿಹ್ನೆಯ ಮುಂದೆ ಮೈನಸ್ ಇದ್ದರೆ ಒಳಗಿನ ಸಾಲವೆಲ್ಲ ಮನ್ನಾ, ಒಳಗಿನ ದುಡ್ಡೆಲ್ಲ ಸಾಲ. ಮೂರು ವೈ ಇಂದ ಮೈನಸ್ ವೈ ಕಳೆದರೆ ನಾಲ್ಕು ವೈ ಯಾಕೆ ಅಂತ ಅವನು ತಂಗಿಗೆ ಹೇಳಿಕೊಡುವುದನ್ನು ಒಂದು ವಾರದ ನಂತರ ಅಡುಗೆಮನೆಯಿಂದ ಕೇಳಿಸಿಕೊಂಡೆ. ಅವಳಿಗೆ ವೈ ಅಂದರೇನು ಅಂತಲೇ ಗೊತ್ತಿಲ್ಲ, ಆದರೂ ತಲೆ ಆಡಿಸುತ್ತಿದ್ದಳು.

ಹೇಳಿದಷ್ಟು ಸಲೀಸಾಗಿ ಆಗಲಿಲ್ಲ. ದಿನಕ್ಕೆ ಒಂದು ಗಂಟೆ ಅಂದುಕೊಂಡಿದ್ದು ಎಷ್ಟೋ ದಿನ ಇಪ್ಪತ್ತು ನಿಮಿಷಕ್ಕೆ ಜಗಳದಲ್ಲಿ ಮುಗಿಯುತ್ತಿತ್ತು. ಮೇ ಕೊನೆಗೆ ಶಾಲೆ ತೆರೆದು ಫೇಲಾದವರಿಗೆ ವಿಶೇಷ ತರಗತಿ ಶುರುವಾದಾಗ, ಮೊದಲೆರಡು ದಿನ ಯೂನಿಫಾರಂ ಹಾಕುವುದೋ ಬಣ್ಣದ ಬಟ್ಟೆಯೋ ಅನ್ನುವುದೇ ದೊಡ್ಡ ರಾದ್ಧಾಂತ. ಯೂನಿಫಾರಂ ಹಾಕಿದರೆ ಇನ್ನೂ ಹತ್ತನೇ ಕ್ಲಾಸು ಅಂತಾರೆ, ಹಾಕದಿದ್ದರೆ ಫೇಲಾದವನು ಅಂತ ಎಲ್ಲರಿಗೂ ಕಾಣುತ್ತೆ. ಕಡೆಗೆ ಯೂನಿಫಾರಂ ಪ್ಯಾಂಟು, ಬಣ್ಣದ ಶರ್ಟು. ಅಲ್ಲಿನ ಗಣಿತದ ಮೇಷ್ಟ್ರಿಗೆ ನಾನು ಉತ್ತರ ಪತ್ರಿಕೆ ತೋರಿಸಿ ಮೈನಸ್ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಮೇಡಂ, ಇವನೊಬ್ಬನೇ ಅಲ್ಲ. ಈ ಬ್ಯಾಚು ಪೂರ್ತಿ ಹಿಂಗೇ ಬಂದಿದೆ. ನಮಗೆ ಸಿಲಬಸ್ ಮುಗಿಸೋ ಗಡಿಬಿಡಿ" ಅಂದರು. ಮಾರನೇ ದಿನ ಬೋರ್ಡಿನ ಮೇಲೆ ಮೊದಲು ಪೂರ್ಣಾಂಕವನ್ನೇ ಬರೆದರಂತೆ. ಅಷ್ಟು ಮಾಡಿದರಲ್ಲ, ಅದನ್ನು ಮರೆಯಬಾರದು.

ಈ ನಡುವೆ ಬೋರಿನ ಮೋಟ್ರು ಎತ್ತಬೇಕಾಗಿ ಬಂತು. ಪೈಪಿಗೆ ಕಟ್ಟುವ ನೈಲಾನ್ ಹಗ್ಗ ಕೊಟ್ಟಿಗೆಯಲ್ಲಿ ಇಲ್ಲ. ಅಪ್ಪ ಮಗ ಇಬ್ಬರೂ ಮನೆಯೆಲ್ಲ ಜಾಲಾಡಿದರು. ಪಕ್ಕದ ತೋಟದವರು ಹಿಂದೊಮ್ಮೆ ಕೇಳಿ ಒಯ್ದಿದ್ದರು ಅನ್ನುವ ನೆನಪಿನ ಮೇಲೆ ಮನೆಯವರು ಹೋಗಿ ಕೇಳಿದರು, ಅವರು ವಾಪಸ್ ಕೊಟ್ಟಿದ್ದೀವಿ ಅಂದರು, ಮಾತಿಗೆ ಮಾತು ಬೆಳೆದು ಎರಡೂ ಮನೆಗೂ ಮಾತು ನಿಂತಿತು. ಹೊಸ ಹಗ್ಗ ತಂದದ್ದಾಯಿತು.

ಪರೀಕ್ಷೆ ಜೂನ್ ಮಧ್ಯದಲ್ಲಿ. ಮುಗಿಸಿ ಹೊರಗೆ ಬಂದವನು ಪ್ರಶ್ನೆಪತ್ರಿಕೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಹೋಟೆಲಲ್ಲಿ ಮಸಾಲೆ ದೋಸೆ ಕೊಡಿಸು" ಅಂದ. ಹೇಗಾಯಿತು ಅಂತ ಕೇಳಬಾರದು ಅಂದುಕೊಂಡೇ ಹೋಗಿದ್ದೆ, ಕೇಳಲಿಲ್ಲ. ದೋಸೆ ಅರ್ಧ ಆದಮೇಲೆ ಅವನೇ ಪ್ರಶ್ನೆಪತ್ರಿಕೆ ಬಿಚ್ಚಿ ತೋರಿಸಿದ. ಮೈನಸ್ ಇದ್ದಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಪುಟ್ಟದಾಗಿ 'ಸಾ' ಅಂತ ಬರೆದಿದ್ದ. ಎರಡು ಮೈನಸ್ ಸೇರುವ ಕಡೆ 'ಮ'. ಸಾಲ ಮತ್ತು ಮನ್ನಾ.

ಜುಲೈನಲ್ಲಿ ಫಲಿತಾಂಶ ಬಂತು. ಲಿಖಿತ 33, ಆಂತರಿಕ ಅದೇ 17. ನೂರಕ್ಕೆ ಐವತ್ತು. ಚಿಕ್ಕಪ್ಪ ಫೋನ್ ಮಾಡಿ, "ಗ್ರೇಸಾ?" ಅಂದರು. "ಇಲ್ಲ ಚಿಕ್ಕಮಾವ, ಮನ್ನಾ" ಅಂದೆ. ಅವರಿಗೆ ತಿಳಿಯಲಿಲ್ಲ. ಇವನು ಪಕ್ಕದಲ್ಲಿ ನಿಂತು ನಗುತ್ತಿದ್ದ.

ಮುಂದಿನದು ಇನ್ನೊಂದು ಜಗಳ. ಮನೆಯವರಿಗೆ ಪಿಯುಸಿ ಆರ್ಟ್ಸ್ ಆದರೂ ಸರಿ, ಡಿಗ್ರಿ ಅಂತ ಒಂದು ಇರಲಿ ಅನ್ನುವ ಆಸೆ. ಇವನದು ಐಟಿಐ, ಎಲೆಕ್ಟ್ರಿಷಿಯನ್ ಟ್ರೇಡು. ನಾನು ಮನಸ್ಸಿನಲ್ಲಿ ಅವರ ಕಡೆಗೇ ಇದ್ದೆ, ಸುಳ್ಳು ಹೇಳುವುದಿಲ್ಲ. ಲೆಕ್ಕದಲ್ಲಿ ಪಾಸಾದವನು ಈಗ ಏನಾದರೂ ಆಗಬಹುದು ಅಂತ ತಲೆಗೆ ಹತ್ತಿತ್ತು. ಹದಿನೈದು ದಿನ ಮನೆಯಲ್ಲಿ ಯಾರೂ ಯಾರನ್ನೂ ನೇರವಾಗಿ ಮಾತಾಡಿಸಲಿಲ್ಲ, ಎಲ್ಲ ಮಾತೂ ಚಿಕ್ಕವಳ ಮೂಲಕ. ಕಡೆಗೆ ಅರ್ಜಿಯ ಕಡೇ ದಿನ ಅವರೇ ಟ್ರ್ಯಾಕ್ಟರ್ ನಿಲ್ಲಿಸಿ ಬಂದು ಸಹಿ ಹಾಕಿದರು. ಎರಡು ವರ್ಷದ ಕೋರ್ಸು. ಮೊದಲ ವಾರ ಮುಗಿಸಿ ಬಂದವನು ಮುಖ ಸಣ್ಣಗೆ ಮಾಡಿಕೊಂಡು, "ಅಲ್ಲೂ ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಅಂತ ಲೆಕ್ಕ ಇದೆ ಕಣಮ್ಮ" ಅಂದ.

ದೀಪಾವಳಿಗೆ ಸುಣ್ಣ ಬಳಿಯಲು ಸಾಮಾನೆಲ್ಲ ಅಂಗಳಕ್ಕೆ ಹಾಕಿದ್ದೆವು. ಅತ್ತೆಯ ಮಂಚದ ಕೆಳಗೆ ಅವರ ಹಳೇ ಟ್ರಂಕು, ಅದನ್ನು ಅವರು ಯಾರಿಗೂ ಮುಟ್ಟಗೊಡುವುದಿಲ್ಲ. ಅವರು ದೇವಸ್ಥಾನಕ್ಕೆ ಹೋಗಿದ್ದ ಹೊತ್ತು ನೋಡಿ ಮಗ ಎಳೆದ. ಟ್ರಂಕಿನ ಹಿಂದೆ ಗೋಡೆಗೆ ಒತ್ತಿ ಹಳೇ ಕಂಬಳಿಯಲ್ಲಿ ಸುತ್ತಿದ ಗಂಟು ಇತ್ತು. ಬಿಚ್ಚಿದರೆ ನೈಲಾನ್ ಹಗ್ಗ, ಬಾವಿ ಸೇದುವ ಹಗ್ಗ, ಕರು ಕಟ್ಟುವ ಎರಡು ಕಣ್ಣಿ, ನನ್ನದೊಂದು ಹಳೇ ವೇಲು.

ಅತ್ತೆ ಕುಂಕುಮ ಪ್ರಸಾದ ಹಿಡಿದು ಬಂದಾಗ ಅವನು ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ ಕೂತಿದ್ದ. ಅವರು ನೋಡಿದರು, ನೋಡದವರ ಹಾಗೆ ಒಳಗೆ ಹೊರಟರು.

"ಅಜ್ಜಿ" ಅಂದ. "ಇದಕ್ಕೋಸ್ಕರ ಅಪ್ಪ ಪಕ್ಕದ ತೋಟದೋರ ಹತ್ರ ಮಾತು ಬಿಟ್ಟವ್ರೆ."

"ನಂಗೆ ಮರ್ತೇ ಹೋಗಿತ್ತು ಕಣಪ್ಪ" ಅಂದರು ಅವರು. "ಹೋಗು, ಅವ್ರಿಗೆ ಒಂದಿಷ್ಟು ಪ್ರಸಾದ ಕೊಟ್ಟು ಬಾ."